ಮೆಡಿಕಲ್ ಅಂಗಡಿಯವರು ಅಪ್ಪನ ಗೆಳೆಯರು, ಉರಿಮೂತ್ರಕ್ಕೆ ಎಲ್ಲಿ ತೋರಿಸಲಿ?

ಕಡಲತಡಿ33:
ಹೆಸರು ಬೇಡ. ಅಂಕೋಲಾ ಮತ್ತು ಕುಮಟಾ ನಡುವಿನ ಒಂದು ಊರಿನವನು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಯಿತಲ್ಲ, ಬೋಟುಗಳು ದಡಕ್ಕೆ ಬಂದವು. ಇಂಜಿನ್ನಿನ ಬಿಡಿಭಾಗ ತರುವ ನೆಪದಲ್ಲಿ ಮೂವರು ಗೋವಾದ ಮಡಗಾಂವಕ್ಕೆ ಹೋದೆವು. ರಾತ್ರಿ ಉಳಿದೆವು, ಕುಡಿದೆವು. ಮುಂದಿನದನ್ನು ಬಿಡಿಸಿ ಬರೆಯುವುದಿಲ್ಲ. ಕಾಂಡೋಮ್ ಇರಲಿಲ್ಲ.

ನಾಲ್ಕನೆಯ ದಿನ ಮೂತ್ರ ಮಾಡುವಾಗ ಬೆಂಕಿ ಇಟ್ಟಂತಾಯಿತು. ಒಳಉಡುಪಿಗೆ ಹಳದಿ ಕಲೆ. ಊರಿನ ಮೆಡಿಕಲ್ ಅಂಗಡಿಯವರು ಅಪ್ಪನ ಜೊತೆ ಭಜನೆಗೆ ಕೂರುವವರು, ಅಲ್ಲಿಗೆ ಹೋಗುವಂತಿಲ್ಲ. ಗುರುತಿಲ್ಲದ ಊರಿಗೆ ಬಸ್ ಹತ್ತಿ ಹೋಗಿ ‘ಉಷ್ಣವಾಗಿದೆ’ ಎಂದೆ. ಆತ ನನ್ನ ಮುಖವನ್ನೂ ನೋಡದೆ ಆರು ಮಾತ್ರೆ ಕತ್ತರಿಸಿ ಕೊಟ್ಟ. ಎರಡು ದಿನಕ್ಕೆ ಉರಿ ನಿಂತಿತು, ಉಳಿದ ಮಾತ್ರೆಯನ್ನು ಎಸೆದೆ. ಎಳನೀರು, ಕೋಕಂ ಪಾನಕ ಎಲ್ಲ ಕುಡಿದೆ.

ಈಗ ಮೂರು ವಾರ. ಉರಿ ಮತ್ತೆ ಬಂದಿದೆ. ಹೆಂಡತಿಗೆ ಏಳು ತಿಂಗಳು, ಶಿರಸಿ ಹತ್ತಿರ ತವರಿನಲ್ಲಿದ್ದಾಳೆ. ನಡುವೆ ಎರಡು ಸಲ ಅಲ್ಲಿಗೆ ಹೋಗಿ ಬಂದೆ. ಹೌದು, ಜೊತೆಗೂ ಇದ್ದೆ, ವಾಸಿಯಾಗಿದೆ ಎಂದುಕೊಂಡಿದ್ದೆ. ಯಾರ ಕಣ್ಣಿಗೂ ಬೀಳದೆ ಎಲ್ಲಿ ತೋರಿಸಬಹುದು? ಅವಳಿಗೆ ಹೇಳಲೇಬೇಕೇ?

ಬಂಗುಡೆ ಪ್ರಿಯ:
ಎಳನೀರಿನಿಂದ ಕೀವು ಹೋಗುವುದಾಗಿದ್ದರೆ ನಮ್ಮ ಕರಾವಳಿಗೆ ಆಸ್ಪತ್ರೆಯೇ ಬೇಕಾಗಿರಲಿಲ್ಲ ಮಾರಾಯರೇ.

ಘಟ್ಟದ ಮೇಲಿನ ಅಕ್ಕ:
ಎರಡು ಸಲ ಓದಿದೆ. ‘ಯಾರ ಕಣ್ಣಿಗೂ ಬೀಳದೆ’ ಎನ್ನುವುದು ನಿಮ್ಮ ಮೊದಲ ಪ್ರಶ್ನೆ, ಹೆಂಡತಿ ಕೊನೆಯ ಸಾಲಿನಲ್ಲಿ ಬಂದಳು. ಏಳು ತಿಂಗಳ ಬಸುರಿಗೆ ನೀವು ತಂದುಕೊಟ್ಟಿದ್ದು ಏನೆಂದು ನಿಮಗೇ ಗೊತ್ತಿಲ್ಲ. ಅವಳಿಗೆ ಗೊತ್ತಾಗುವುದು ಬೇಡವೇ ತಮ್ಮಾ?

ಸೂಜಿ ಮತ್ತು ಸೀಸೆ:
ಸರಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಬೈಯುವವರು ಬೈಯಲಿ, ನಾನು ಕೆಲಸದ ಮಾತು ಹೇಳುತ್ತೇನೆ.

ನಾಲ್ಕನೆಯ ದಿನಕ್ಕೆ ಉರಿ ಮತ್ತು ಹಳದಿ ಕೀವು ಎಂದರೆ ಮೊದಲು ಅನುಮಾನ ಬರುವುದು ಸಂಭೋಗದಿಂದ ಹರಡುವ ಗೊನೊರಿಯಾ ಮೇಲೆ. ಅದರ ಬೆನ್ನಿಗೇ ಅದೇ ದಾರಿಯಲ್ಲಿ ಬರುವ ಕ್ಲಮೈಡಿಯಾ ಕೂಡ ಇರುವುದುಂಟು, ಆದ್ದರಿಂದ ವೈದ್ಯರು ಎರಡಕ್ಕೂ ಸೇರಿಸಿಯೇ ಮದ್ದು ಕೊಡುತ್ತಾರೆ. ಎರಡೂ ಪೂರ್ತಿ ಗುಣವಾಗುವ ರೋಗಗಳು. ನೀವು ಮಾಡಿಕೊಂಡ ಎಡವಟ್ಟು ಆ ಆರು ಮಾತ್ರೆ. ಯಾವ ಮಾತ್ರೆ ಎಂದು ನಿಮಗೆ ಗೊತ್ತಿಲ್ಲ, ಯಾವ ರೋಗ ಎಂದು ಕೊಟ್ಟವನಿಗೆ ಗೊತ್ತಿಲ್ಲ. ಅರ್ಧ ಮದ್ದಿಗೆ ಉರಿ ಅಡಗುತ್ತದೆ, ರೋಗಾಣು ಸಾಯುವುದಿಲ್ಲ. ಗೊನೊರಿಯಾ ಹೀಗೆಯೇ ಒಂದೊಂದು ಔಷಧವನ್ನೂ ಜೀರ್ಣಿಸಿಕೊಂಡು ಬೆಳೆದಿದೆ. ಒಂದು ಕಾಲಕ್ಕೆ ಪೆನಿಸಿಲಿನ್‌ಗೆ ಬಗ್ಗುತ್ತಿತ್ತು, ಈಗ ಬಗ್ಗುವುದಿಲ್ಲ.

ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಸುರಕ್ಷಾ ಕ್ಲಿನಿಕ್’ ಎಂಬ ಫಲಕ ಹುಡುಕಿ, ಇಲ್ಲವೇ ಚರ್ಮ ಮತ್ತು ಗುಹ್ಯರೋಗ ವಿಭಾಗದಲ್ಲಿ ಚೀಟಿ ಮಾಡಿಸಿ. ಹೆಸರು ಕೇಳಿ ಹೆದರಬೇಡಿ. ಮಳೆಗಾಲದಲ್ಲಿ ಆ ಸಾಲಿನಲ್ಲಿ ನಿಂತವರಲ್ಲಿ ಮುಕ್ಕಾಲು ಜನ ಹುಳುಕಡ್ಡಿ ತೋರಿಸಲು ಬಂದವರು. ಯಾರಾದರೂ ಗುರುತಿನವರು ಸಿಕ್ಕಿದರೆ ನಿಮಗೂ ಹುಳುಕಡ್ಡಿಯೇ.

ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ ಎಂಬ ಕೋಣೆ ಬೇರೆ ಇರುತ್ತದೆ. ಉಚಿತ. ಅಲ್ಲಿ ಮೊದಲು ಆಪ್ತಸಮಾಲೋಚಕರು ಮಾತನಾಡುತ್ತಾರೆ, ನಿಮ್ಮ ಒಪ್ಪಿಗೆ ಪಡೆದ ಮೇಲೆಯೇ ರಕ್ತ ತೆಗೆಯುವುದು. ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಆಸ್ಪತ್ರೆಗೆ ಹೋಗಲು ಕಾಲು ಬಾರದಿದ್ದರೆ 1097ಕ್ಕೆ ಕರೆ ಮಾಡಿ, ಅದು ಉಚಿತ ಸಹಾಯವಾಣಿ.

ತೋಟದ ಮಾಣಿ:
ಶಿರಸಿಯ ಒಂದು ಲಾಡ್ಜಿಗೆ ತಿಂಗಳಿಗೊಮ್ಮೆ ‘ಗುಪ್ತರೋಗ ತಜ್ಞರು’ ಬರುತ್ತಾರಲ್ಲ. ಗೋಡೆಯ ಮೇಲೆಲ್ಲ ಬರೆದಿರುತ್ತದೆ. ಅಲ್ಲಿ ಯಾರೂ ಹೆಸರು ಕೇಳುವುದಿಲ್ಲ.

ದೇವಿಮನೆ ತಿರುವು:
ಮಾಣೀ, ಆ ಲಾಡ್ಜಿನ ಕಥೆ ನನ್ನಿಂದ ಕೇಳು. ನಾನು ಲಾರಿ ಓಡಿಸುತ್ತಿದ್ದ ಕಾಲ. ತೊಡೆಸಂದಿಯಲ್ಲಿ ತುರಿಕೆ, ಮನಸ್ಸಿನಲ್ಲಿ ಭಯ. ಹೋದೆ. ಒಂದು ಮಂಚ, ಒಂದು ಸೂಟ್‌ಕೇಸು, ಗೋಡೆಯ ಮೇಲೆ ಯಾವುದೋ ಪದವಿಯ ಚೌಕಟ್ಟು. ಆತ ನಾಡಿ ಹಿಡಿದು ‘ಹುಡುಗ ವಯಸ್ಸಿನಲ್ಲಿ ಕೈತಪ್ಪು ಮಾಡಿದ್ದೀರಿ, ಧಾತು ಸೋರಿ ನರ ಒಣಗಿದೆ’ ಎಂದ. ಯಾರ ನಾಡಿ ಹಿಡಿದರೂ ಅದೇ ಮಾತು ಎಂದು ಆಮೇಲೆ ತಿಳಿಯಿತು. ಲೇಹ್ಯ, ಭಸ್ಮ, ಒಂದು ಎಣ್ಣೆ ಸೇರಿ ಹನ್ನೊಂದು ಸಾವಿರ. ಮೂರು ತಿಂಗಳಾದರೂ ತುರಿಕೆ ಹೋಗಲಿಲ್ಲ. ಕೊನೆಗೆ ಸರಕಾರಿ ಆಸ್ಪತ್ರೆಯ ಡಾಕ್ಟರು ನೋಡಿ ‘ಇದು ಗಜಕರ್ಣ, ಬಿಗಿ ಜೀನ್ಸ್ ಬಿಡಿ, ಈ ಮುಲಾಮು ಹಚ್ಚಿ’ ಎಂದರು. ಆಗ ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ.

ಶುದ್ಧ ಸಂಸ್ಕಾರ:
ಕಾಂಡೋಮು, ಕ್ಲಿನಿಕ್ಕು ಎಂದು ದಾರಿ ತೋರಿಸುವುದೇ ತಪ್ಪು. ಒಬ್ಬಳೇ ಹೆಂಡತಿ ಎಂದು ಇದ್ದರೆ ಯಾವ ರೋಗವೂ ಬಾರದು. ಸಂಸ್ಕಾರ ಹೋಯಿತು, ರೋಗ ಬಂತು.

ಘಟ್ಟದ ಮೇಲಿನ ಅಕ್ಕ:
ಈ ಕಥೆಯಲ್ಲಿ ಒಬ್ಬನೇ ಗಂಡ ಎಂದು ಇದ್ದವಳೂ ಒಬ್ಬಳಿದ್ದಾಳೆ. ಅವಳ ಸಂಸ್ಕಾರಕ್ಕೆ ಏನು ಕೊರತೆಯಾಗಿತ್ತು ಹೇಳುತ್ತೀರಾ?

ಬಂಗುಡೆ ಪ್ರಿಯ:
ಈ ಪೆಟ್ಟು ಸರಿಯಾಗಿ ಬಿತ್ತು.

ನಿವೃತ್ತ ಮಾಸ್ತರ:
ಸಂಸ್ಕಾರದವರು ‘ಹೋಯಿತು, ಬಂತು’ ಎಂದದ್ದಕ್ಕೆ ಒಂದು ಮಾತು. ಈ ರೋಗ ನಮ್ಮ ದಂಡೆಗೆ ನಿನ್ನೆ ಬಂದದ್ದಲ್ಲ. ಹದಿನಾರನೆಯ ಶತಮಾನದ ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥದಲ್ಲಿ ‘ಫಿರಂಗ ರೋಗ’ ಎಂದು ಸಿಫಿಲಿಸ್‌ನ ವರ್ಣನೆ ಇದೆ. ಫಿರಂಗಿಗಳು ಎಂದರೆ ಪೋರ್ಚುಗೀಸರು ಮೊದಲಾದ ಹಡಗಿನ ಬಿಳಿಯರು. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಅವರದೇ ಗೋವಾ. ಕನ್ನಡದಲ್ಲಿ ಅದು ಪರಂಗಿ ಹುಣ್ಣು ಆಯಿತು. ಬಂದರು ಇದ್ದಲ್ಲಿ ವ್ಯಾಪಾರವೂ ಬರುತ್ತದೆ, ರೋಗವೂ ಬರುತ್ತದೆ.

ಬಂಗುಡೆ ಪ್ರಿಯ:
ಮಾಸ್ತರೇ, ಬೆಂಗಳೂರಿನಲ್ಲಿ ಪಪ್ಪಾಯಿಗೆ ಪರಂಗಿ ಹಣ್ಣು ಎನ್ನುತ್ತಾರೆ. ಒಂದು ಅಕ್ಷರ ತಪ್ಪಿದರೆ ಹಣ್ಣಿನ ಅಂಗಡಿಯಲ್ಲಿ ಏನು ಕೇಳಿದಂತಾಗುತ್ತದೆ!

ನಿವೃತ್ತ ಮಾಸ್ತರ:
ಕೊಂಬಿಗೆ ಅಷ್ಟು ಬೆಲೆ ಇದೆ ಎಂದು ಮೂವತ್ತು ವರ್ಷ ಪಾಠ ಮಾಡಿದೆ. ಆದರೆ ಈ ಉದಾಹರಣೆ ಹೊಳೆದಿರಲಿಲ್ಲ.

ಸೂಜಿ ಮತ್ತು ಸೀಸೆ:
ಪರಂಗಿ ಹುಣ್ಣಿನ ವಿಷಯ ಬಂತು ಎಂದು ಹೇಳುತ್ತೇನೆ. ಅದರ ಮೋಸ ಏನೆಂದರೆ ಹುಣ್ಣು ನೋಯುವುದಿಲ್ಲ. ಕೆಲವು ವಾರದಲ್ಲಿ ಮದ್ದಿಲ್ಲದೆಯೂ ಒಣಗುತ್ತದೆ. ಹರಕೆ ಹೇಳಿಕೊಂಡವನು ಹರಕೆ ಫಲಿಸಿತು ಎನ್ನುತ್ತಾನೆ, ಲೇಹ್ಯ ತಿಂದವನು ಲೇಹ್ಯದ ಗುಣ ಎನ್ನುತ್ತಾನೆ. ಆಮೇಲೆ ಅಂಗೈ ಅಂಗಾಲಿನಲ್ಲಿ ತುರಿಸದ ಗುಳ್ಳೆ, ಅದೂ ಮಾಯ. ವರ್ಷಗಟ್ಟಲೆ ಒಳಗೇ ಕುಳಿತು ಕೊನೆಗೆ ಹೃದಯಕ್ಕೋ ಮಿದುಳಿಗೋ ಕೈ ಹಾಕಬಹುದು. ಗೊನೊರಿಯಾದಂತಲ್ಲ, ಇದು ಇಂದಿಗೂ ಪೆನಿಸಿಲಿನ್ ಚುಚ್ಚುಮದ್ದಿಗೆ ಶರಣಾಗುತ್ತದೆ. ಗೊತ್ತಾಗಲು ರಕ್ತ ಕೊಡಬೇಕು, ಅಷ್ಟೇ.

ಬಿಳಿ ಸೀರೆಯಲ್ಲ ಸಮವಸ್ತ್ರ:
ಹೆರಿಗೆ ವಾರ್ಡಿನ ದಾದಿ ನಾನು. ಹೆಂಡತಿಯ ವಿಷಯ ಮಾತ್ರ ಹೇಳುತ್ತೇನೆ, ಕಡಲತಡಿಯವರೇ, ನಿಧಾನವಾಗಿ ಓದಿ.

ಬಸುರಿಯ ಮೊದಲ ತಪಾಸಣೆಯಲ್ಲೇ ಎಚ್‌ಐವಿ, ಸಿಫಿಲಿಸ್ ನೋಡುತ್ತಾರೆ. ಅವಳದ್ದು ಆಗ ಸರಿ ಇದ್ದಿರಬಹುದು. ಆದರೆ ಅದು ನಿಮ್ಮ ಮಡಗಾಂವ ಪ್ರಯಾಣಕ್ಕಿಂತ ಮೊದಲಿನ ವರದಿ. ಈಗ ಮತ್ತೆ ನೋಡಬೇಕು. ‘ಅವಳಿಗೆ ಏನೂ ತೊಂದರೆಯಿಲ್ಲವಲ್ಲ’ ಎನ್ನಬೇಡಿ. ಗೊನೊರಿಯಾ, ಕ್ಲಮೈಡಿಯಾ ಇರುವ ಹೆಂಗಸರಲ್ಲಿ ಬಹಳ ಮಂದಿಗೆ ಉರಿಯೂ ಇರುವುದಿಲ್ಲ, ನೋವೂ ಇರುವುದಿಲ್ಲ. ಚಿಕಿತ್ಸೆ ಆಗದೆ ಹೆರಿಗೆಯಾದರೆ ಮಗುವಿನ ಕಣ್ಣಿಗೆ ಸೋಂಕು ತಗಲಿ ದೃಷ್ಟಿಗೇ ಕುತ್ತು ಬರಬಹುದು. ಸಿಫಿಲಿಸ್ ಆದರೆ ಹೊಟ್ಟೆಯಲ್ಲೇ ಮಗು ಸಾಯಬಹುದು. ಎಚ್‌ಐವಿ ಚಿಕಿತ್ಸೆಯಿಲ್ಲದೆ ತಾಯಿಯಿಂದ ಮಗುವಿಗೆ ಹರಡುವ ಸಂಭವ ನೂರಕ್ಕೆ 15ರಿಂದ 45, ಸರಿಯಾದ ಚಿಕಿತ್ಸೆ ಕೊಟ್ಟರೆ ಅದನ್ನು 5ಕ್ಕಿಂತ ಕೆಳಗೆ ತರಬಹುದು. ಇವೆಲ್ಲಕ್ಕೂ ದಾರಿ ಇದೆ, ಯಾವಾಗ ಎಂದರೆ ನಮಗೆ ಗೊತ್ತಾದಾಗ.

ಇನ್ನೊಂದು. ನಿಮಗೆ ಕೊಟ್ಟ ಮಾತ್ರೆಯಲ್ಲಿ ಅರ್ಧ ಅವಳಿಗೆ ‘ವಿಟಮಿನ್’ ಎಂದು ಕೊಡುವ ಜಾಣತನ ಬೇಡ. ಹಾಗೆ ಮಾಡಿದವರನ್ನು ನೋಡಿದ್ದೇನೆ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಬಸುರಿಗೆ ಸಲ್ಲದು. ಅವಳ ಮದ್ದನ್ನು ಅವಳ ಡಾಕ್ಟರೇ ಬರೆಯಬೇಕು. ಇಬ್ಬರ ಚಿಕಿತ್ಸೆ ಮುಗಿದು ಏಳು ದಿನ ಕಳೆಯುವವರೆಗೆ ಸಂಬಂಧ ಬೇಡ. ಆಮೇಲೂ ನಿಮ್ಮ ಎಚ್‌ಐವಿ ವರದಿ ಖಚಿತವಾಗುವವರೆಗೆ ಕಾಂಡೋಮ್ ಕಡ್ಡಾಯ. ಬಸುರಿಗೆ ಅದೇಕೆ ಎಂದು ಕೇಳುವವರಿದ್ದಾರೆ. ಅದು ಮಗು ತಡೆಯಲು ಮಾತ್ರ ಇರುವ ವಸ್ತುವಲ್ಲ.

ಅಪ್ಪೆಮಿಡಿ:
ದಾದಿಯಕ್ಕ, ಒಂದು ಪ್ರಶ್ನೆ. ನನಗೆ ಬಿಳಿ ಹೋಗುತ್ತದೆ. ಅತ್ತೆಗೆ ಹೇಳಿದರೆ ಅವರು ನನ್ನನ್ನು ನೋಡುವ ರೀತಿಯೇ ಬದಲಾಯಿತು. ಇದೂ ಇಂಥದ್ದೇ ರೋಗವೇ?

ಬಿಳಿ ಸೀರೆಯಲ್ಲ ಸಮವಸ್ತ್ರ:
ಎಲ್ಲ ಬಿಳಿಯೂ ರೋಗವಲ್ಲ ತಂಗೀ. ತಿಂಗಳ ನಡುವೆ ತೆಳುವಾಗಿ, ವಾಸನೆಯಿಲ್ಲದೆ ಹೋಗುವುದು ಸಹಜ. ಗಟ್ಟಿ ಮೊಸರಿನ ಹಾಗೆ ಇದ್ದು ವಿಪರೀತ ತುರಿಸಿದರೆ ಅದು ಶಿಲೀಂಧ್ರ, ಗಂಡನಿಂದಲೇ ಬರಬೇಕೆಂದಿಲ್ಲ, ಸಕ್ಕರೆ ಕಾಯಿಲೆ ಇದ್ದರೂ ಬರುತ್ತದೆ. ಮೀನಿನ ವಾಸನೆ, ಹಸಿರು ಹಳದಿ ಬಣ್ಣ, ಕಿಬ್ಬೊಟ್ಟೆ ನೋವು, ಸಂಬಂಧದ ನಂತರ ರಕ್ತ ಇದ್ದರೆ ತಡಮಾಡದೆ ತೋರಿಸಿ. ಅತ್ತೆಯವರಿಗೂ ಇಷ್ಟನ್ನು ಓದಿ ಹೇಳಿ.

ಕೋಡಿಬಾಗದ ಹುಡುಗ:
ಇಲ್ಲಿ ಎಲ್ಲರೂ ಗಂಡ, ಹೆಂಡತಿ ಎಂದೇ ಮಾತನಾಡುತ್ತಿದ್ದೀರಿ. ನಾನು ಗಂಡಸರನ್ನು ಇಷ್ಟಪಡುವವನು. ಒಮ್ಮೆ ಕಾಂಡೋಮ್ ಹರಿಯಿತು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯ ಎದುರು ಕುಳಿತು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೂವನ್ನೇ ನೋಡುತ್ತಾ ಹೇಳಿದೆ. ಅವರು ಪೆನ್ನು ಕೂಡ ನಿಲ್ಲಿಸಲಿಲ್ಲ. ‘ಎಷ್ಟು ಗಂಟೆಯಾಯಿತು?’ ಎಂದಷ್ಟೇ ಕೇಳಿದರು. 72 ಗಂಟೆಯೊಳಗೆ ಶುರು ಮಾಡಿದರೆ ಎಚ್‌ಐವಿ ತಡೆಯುವ ಮಾತ್ರೆ ಇದೆ, 28 ದಿನ ತಪ್ಪದೆ ನುಂಗಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು. ಕಡಲತಡಿಯವರಿಗೆ ಆ ಗಡುವು ದಾಟಿದೆ, ಆದರೆ ಓದುತ್ತಿರುವ ಬೇರೆಯವರು ನೆನಪಿಡಲಿ.

ಗುಟ್ಟಿನ ಭಯ ಇರುವವರಿಗೆ ಇನ್ನೊಂದು ಮಾತು. ಗಂಡಸರಿಬ್ಬರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದ 377ನೇ ಕಲಮಿನ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6. ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 10ಕ್ಕೆ, 2017ರ ಎಚ್‌ಐವಿ ಕಾಯಿದೆ ಜಾರಿಗೆ ಬಂತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ವರದಿಯನ್ನು ಊರಿಗೆ ಹಂಚುವಂತಿಲ್ಲ, ಸೋಂಕು ಇದೆ ಎಂದು ಕೆಲಸದಿಂದ ತೆಗೆಯುವಂತಿಲ್ಲ. ನನ್ನ ಪಾಲಿಗೆ ಎರಡು ಹಬ್ಬವೂ ಒಂದೇ ವಾರ.

ತೋಟದ ಮಾಣಿ:
ಲಾಡ್ಜಿನ ಮಾತು ವಾಪಸ್ ಪಡೆದೆ. ಆದರೆ ಕಾಂಡೋಮ್ ಹರಿಯುತ್ತದೆ ಎಂದರೆ ಹಾಕಿ ಏನು ಉಪಯೋಗ? ನನ್ನದು ಎರಡು ಸಲ ಹರಿದಿದೆ.

ದೇವಿಮನೆ ತಿರುವು:
ಎಲ್ಲಿ ಇಟ್ಟಿದ್ದೆ?

ತೋಟದ ಮಾಣಿ:
ಪಾಕೀಟಿನಲ್ಲಿ. ಒಂದು ವರ್ಷದಿಂದ. ಮತ್ತೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದ್ದೆ.

ಬಂಗುಡೆ ಪ್ರಿಯ:
ಕರಾವಳಿಯವರಿಗೆ ದೋಸೆಗೂ ಅದೇ, ತಲೆಗೂ ಅದೇ, ಅದಕ್ಕೂ ಅದೇ.

ಸೂಜಿ ಮತ್ತು ಸೀಸೆ:
ನಗಬೇಡಿ, ಹತ್ತರಲ್ಲಿ ನಾಲ್ಕು ಜನ ನನ್ನ ಬಳಿ ಇದನ್ನೇ ಹೇಳುತ್ತಾರೆ. ಕಾಂಡೋಮ್ ರಬ್ಬರ್ ಹಾಲಿನಿಂದ ಮಾಡಿದ್ದು. ಕೊಬ್ಬರಿ ಎಣ್ಣೆ, ವ್ಯಾಸಲೀನ್, ತುಪ್ಪ, ಯಾವ ಜಿಡ್ಡು ತಗಲಿದರೂ ಕೆಲವೇ ನಿಮಿಷದಲ್ಲಿ ಅದರ ಕಸುವು ಹೋಗುತ್ತದೆ. ಜಾರುಕ ಬೇಕಿದ್ದರೆ ನೀರಿನಂಶದ್ದು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಹಿಂಬದಿಯ ಪಾಕೀಟಿನಲ್ಲಿ ಮೈಬಿಸಿ, ಒತ್ತಡ, ಬೈಕಿನ ಸೀಟು ಎಲ್ಲ ಸೇರಿ ಅದು ಒಳಗೇ ಹಾಳಾಗುತ್ತದೆ. ಪೊಟ್ಟಣವನ್ನು ಹಲ್ಲಿನಿಂದ ಕಚ್ಚಬೇಡ, ತುದಿಯನ್ನು ಹಿಂಡಿ ಗಾಳಿ ತೆಗೆದು ತೊಡಿಸು, ಮೇಲಿರುವ ಅವಧಿ ದಿನಾಂಕ ನೋಡು. ಒಂದರ ಮೇಲೊಂದು ಎರಡು ಹಾಕುವ ಬುದ್ಧಿವಂತರೂ ಇದ್ದಾರೆ, ಎರಡೂ ಉಜ್ಜಿಕೊಂಡು ಬೇಗ ಹರಿಯುತ್ತವೆ. ಹಾಗೆಯೇ ಕಾಂಡೋಮ್ ಮುಚ್ಚದ ಜಾಗದ ಚರ್ಮದಿಂದ ನೀರುಗುಳ್ಳೆಯ ಹರ್ಪಿಸ್, ನರೂಲಿ ತರುವ ಎಚ್‌ಪಿವಿ, ಸಿಫಿಲಿಸ್ ದಾಟಬಹುದು. ಹುಣ್ಣು ಕಂಡರೆ ಅಂದಿಗೆ ಬಿಡಬೇಕು, ಕಾಂಡೋಮ್ ಇದ್ದರೂ.

ನಿವೃತ್ತ ಮಾಸ್ತರ:
1968ರಲ್ಲಿ ಸರಕಾರ ನಿರೋಧ್ ತಂದಾಗ ಮೂರಕ್ಕೆ 15 ಪೈಸೆ. ಕಿರಾಣಿ ಅಂಗಡಿಯಲ್ಲೂ ಇಟ್ಟಿದ್ದರು. ಅಂಗಡಿಯವನು ಬೆಲ್ಲದ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದ, ಕೊಳ್ಳುವವನು ಬೆಲ್ಲ ಕೇಳಿ ಕಣ್ಣು ಮಿಟುಕಿಸುತ್ತಿದ್ದ. ಹುಡುಗರಾದ ನಾವು ಅದನ್ನು ಬುಗ್ಗೆ ಎಂದು ಊದಿ ಹೊಡೆತ ತಿಂದದ್ದೂ ಇದೆ. ಅಷ್ಟು ವರ್ಷವಾದರೂ ಹಳೆಯ ಪತ್ರಿಕೆಯಲ್ಲಿ ಸುತ್ತಿಯೇ ಕೊಡುತ್ತಾರಲ್ಲ, ಕದ್ದ ಮಾಲಿನ ಹಾಗೆ.

ಶುದ್ಧ ಸಂಸ್ಕಾರ:
ನಾನು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಅಕ್ಕ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ನನ್ನ ಸೋದರಳಿಯ ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡು ಬಂದಿದ್ದಾನೆ, ಅದರಿಂದಲೂ ಏನಾದರೂ ಬರುತ್ತದೆಯೇ?

ಸೂಜಿ ಮತ್ತು ಸೀಸೆ:
ಒಂದೇ ಸೂಜಿಯನ್ನು ಹಲವರಿಗೆ ಬಳಸಿದ್ದರೆ ಯಕೃತ್ತಿನ ಸೋಂಕುಗಳಾದ ಹೆಪಟೈಟಿಸ್ ಬಿ, ಸಿ, ಮತ್ತೆ ಎಚ್‌ಐವಿ, ಮೂರಕ್ಕೂ ದಾರಿ. ಪರೀಕ್ಷೆ ಮಾಡಿಸಿ. ಹೆಪಟೈಟಿಸ್ ಬಿಗೆ ಲಸಿಕೆ ಇದೆ: ಮೊದಲ ಚುಚ್ಚುಮದ್ದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಕಡಲತಡಿ33:
ನಿನ್ನೆ ಹೋಗಿ ಬಂದೆ. ಎಲ್ಲರಿಗೂ ಹೇಳಬೇಕು ಅನ್ನಿಸಿತು.

ಮಳೆ ಸುರಿಯುತ್ತಿತ್ತು. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಒಳಗೆ ಹೋದೆ, ಒಳಗೂ ಮಡಚಲಿಲ್ಲ, ಕಾವಲುಗಾರ ಬೈದ. ಸಾಲಿನಲ್ಲಿ ನನ್ನ ಮುಂದೆ ನಮ್ಮದೇ ಬಂದರಿನ ಬಲೆ ಹೆಣೆಯುವವರು! ‘ಏನು ಇಲ್ಲಿ?’ ಎಂದರು. ‘ಹುಳುಕಡ್ಡಿ’ ಎಂದೆ. ಅವರು ‘ನನಗೂ’ ಎಂದು ಪಂಚೆ ಸರಿಸಿ ತೋರಿಸಿಯೇಬಿಟ್ಟರು. ಸೂಜಿಯವರೇ, ನಿಮಗೆ ಋಣಿ.

ಡಾಕ್ಟರು ಎರಡು ನಿಮಿಷ ನೋಡಿದರು, ಕೀವಿನ ಮಾದರಿ ತೆಗೆದರು. ಬೂದು ಬಣ್ಣದ ಒಂದು ಪೊಟ್ಟಣ ಕೊಟ್ಟು ಅಲ್ಲೇ ಲೋಟ ನೀರು ಕೊಟ್ಟು ಮಾತ್ರೆ ನುಂಗಿಸಿದರು. ಆ ಆರು ಮಾತ್ರೆಯ ಕಥೆ ಹೇಳಿದಾಗ ಮಾತ್ರ ಅವರಿಗೆ ಸಿಟ್ಟು ಬಂತು. ಮಡಗಾಂವದ ಕಥೆಗೆ ಬರಲಿಲ್ಲ. ಐಸಿಟಿಸಿ ಕೋಣೆಯಲ್ಲಿ ಎಚ್‌ಐವಿ ಇಲ್ಲ ಎಂದು ವರದಿ ಬಂತು, ಆದರೆ ಇನ್ನೂ ಮೂರು ವಾರವಷ್ಟೇ ಆಗಿರುವುದರಿಂದ ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಬರಬೇಕಂತೆ. ಸಿಫಿಲಿಸ್‌ಗೂ ಆಗಲೇ ಮತ್ತೊಮ್ಮೆ. ಕಾರ್ಡಿನಲ್ಲಿ ಸೆಪ್ಟೆಂಬರ್ ಎಂದು ಬರೆದಿದ್ದಾರೆ. ಚೌತಿಯ ಆಸುಪಾಸು. ಅವಳ ಹೆರಿಗೆಯೂ ಆಗಲೇ.

ಕಾರ್ಡನ್ನು ಬೋಟಿನ ಲೆಕ್ಕದ ಪುಸ್ತಕದೊಳಗೆ ಇಟ್ಟಿದ್ದೇನೆ. ಅವಳಿಗೆ ಏನೆಂದು ಹೇಳಲಿ? ಬಂದರಿನ ಶೌಚಾಲಯದಿಂದ ಬಂತು ಎಂದರೆ?

ಬಿಳಿ ಸೀರೆಯಲ್ಲ ಸಮವಸ್ತ್ರ:
ಶೌಚಾಲಯದಿಂದ ಗೊನೊರಿಯಾ ಬರುವುದಿಲ್ಲ. ಅವಳ ಡಾಕ್ಟರಿಗೆ ಅದು ಗೊತ್ತು. ಅವಳಿಗೂ ಗೊತ್ತಾಗುತ್ತದೆ, ಆಗ ಸುಳ್ಳಿನ ಲೆಕ್ಕವೂ ಸೇರುತ್ತದೆ.

ಘಟ್ಟದ ಮೇಲಿನ ಅಕ್ಕ:
ಅಡುಗೆಮನೆಯಲ್ಲಿ ಅವಳ ಅಮ್ಮ ಇರುವಾಗ ಹೇಳಬೇಡಿ. ಫೋನಿನಲ್ಲೂ ಬೇಡ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ, ಒಳಗೆ ಹೋಗುವ ಮೊದಲು ಹೇಳಿ. ಬೈದರೆ ಬೈಸಿಕೊಳ್ಳಿ, ಉತ್ತರ ಕೊಡಬೇಡಿ. ನಾನು ಮೊದಲು ಸಿಟ್ಟಿನಲ್ಲಿ ಬರೆದೆ, ಆದರೂ ನೀವು ಹೋಗಿ ಬಂದಿರಿ, ಅದನ್ನು ಗಮನಿಸಿದ್ದೇನೆ.

ಕೋಡಿಬಾಗದ ಹುಡುಗ:
ಒಬ್ಬರೇ ಹೇಳಲಾಗದಿದ್ದರೆ ಆಪ್ತಸಮಾಲೋಚಕರನ್ನು ಕೇಳಿ. ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾರೆ.

ಕಡಲತಡಿ33:
ಐದು ದಿನವಾಯಿತು, ಬರೆಯಲು ಧೈರ್ಯ ಬಂದಿರಲಿಲ್ಲ. ಉರಿ ಪೂರ್ತಿ ನಿಂತಿದೆ.

ಘಟ್ಟ ಹತ್ತಿ ಹೋದೆ. ಅಕ್ಕ ಹೇಳಿದಂತೆಯೇ ಆಸ್ಪತ್ರೆಯ ಹೊರಗೆ, ಹಲಸಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಹೇಳಿದೆ. ಅವಳು ಬೈಯಲಿಲ್ಲ. ‘ಮಗುವಿಗೆ ಏನಾಗುತ್ತದೆ?’ ಎಂದು ಕೇಳಿದಳು. ದಾದಿಯಕ್ಕ ಬರೆದದ್ದನ್ನು ಒಂದೊಂದಾಗಿ ಹೇಳಿದೆ. ಎದ್ದು ಒಬ್ಬಳೇ ಒಳಗೆ ಹೋದಳು. ರಕ್ತ ಕೊಟ್ಟಳು, ಡಾಕ್ಟರು ಬರೆದ ಮದ್ದು ತೆಗೆದುಕೊಂಡಳು. ಅವಳ ವರದಿಗಳು ಸದ್ಯಕ್ಕೆ ಸರಿ ಇವೆ, ಹೆರಿಗೆಯ ಮೊದಲು ಮತ್ತೊಮ್ಮೆ ನೋಡುತ್ತಾರಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾತಿಲ್ಲ. ಇಳಿಯುವ ಮೊದಲು ‘ನಿಮ್ಮ ಕಾರ್ಡು ಎಲ್ಲಿ?’ ಎಂದಳು. ಲೆಕ್ಕದ ಪುಸ್ತಕದಿಂದ ತೆಗೆದು ಕೊಟ್ಟೆ. ತನ್ನ ತಾಯಿ ಕಾರ್ಡು ಇರುವ ಪ್ಲಾಸ್ಟಿಕ್ ಚೀಲಕ್ಕೆ ಅದನ್ನೂ ಹಾಕಿಕೊಂಡಳು. ಕ್ಷಮಿಸಿದಳೇನೋ ಎಂದು ಒಂದು ಗಳಿಗೆ ಆಸೆಯಾಯಿತು. ‘ನಿಮ್ಮ ಹತ್ತಿರ ಇದ್ದರೆ ಸೆಪ್ಟೆಂಬರಿನಲ್ಲಿ ಮರೆತೆ ಎನ್ನುತ್ತೀರಿ’ ಎಂದಳು.

ಬಂಗುಡೆ ಪ್ರಿಯ:
ಆಗಸ್ಟ್ 1ಕ್ಕೆ ಬೋಟು ಇಳಿಯುತ್ತದೆ. ಲೆಕ್ಕದ ಪುಸ್ತಕವನ್ನೂ ಅವರ ಕೈಗೇ ಕೊಡಿ.